ಜೋಡಿ ಸಮ ಇಲ್ಲ

ಸಾಗರದಿಂದಾಚೆ ಅಕ್ಕನ ಮನೆಯಲ್ಲಿ ಕೊನೆಕೊಯ್ಲು ನಡೆದಿತ್ತು. 2024ರ ನವೆಂಬರ್ 16, ಶನಿವಾರ. ಅಡಿಕೆ ಸುಲಿಯುವ ಹೆಂಗಸರು ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದರು, ಭಾವ ತೋಟದಲ್ಲಿದ್ದರು, ನಾನೊಬ್ಬ ಮಾತ್ರ ಶಿವಮೊಗ್ಗದಿಂದ ಬಂದ ನೆಂಟನ ಗತ್ತಿನಲ್ಲಿ ಜಗಲಿಯ ಮೇಲೆ ಎರಡನೇ ಕಾಫಿ ಕುಡಿಯುತ್ತಿದ್ದೆ. ಹತ್ತೂವರೆ ಸುಮಾರಿಗೆ ಅಕ್ಕನ ಮಗ ಮೊಬೈಲನ್ನು ಅಡಿಕೆ ಹೆಡಿಗೆಗೆ ಒರಗಿಸಿಟ್ಟು, "ಮಾವ, ಬನ್ನಿ ಬನ್ನಿ, ನಿಮ್ಮ ಟೈಸನ್ ಬಂದ" ಎಂದು ಕೂಗಿದ. ಅಮೆರಿಕದ ಟೆಕ್ಸಾಸ್‌ನಲ್ಲಿ ಆಗ ಶುಕ್ರವಾರದ ನಡುರಾತ್ರಿ. ಬಾಕ್ಸಿಂಗ್ ರಿಂಗಿನಲ್ಲಿ 58 ವರ್ಷದ ಮೈಕ್ ಟೈಸನ್ ಎದುರಿಗೆ 27ರ ಜೇಕ್ ಪಾಲ್ ಎಂಬ ಯೂಟ್ಯೂಬ್ ಹುಡುಗ. ಚಿತ್ರ ನಿಂತು ನಿಂತು ಬರುತ್ತಿತ್ತು. ನಮ್ಮ ಗುಡ್ಡದ ನೆಟ್‌ವರ್ಕನ್ನು ನಾವು ಬೈದುಕೊಂಡೆವು. ಆವತ್ತು ಅಮೆರಿಕದವರಿಗೂ ಹಾಗೇ ನಿಂತು ನಿಂತು ಬಂದಿತ್ತು ಅಂತ ಮಾರನೇ ದಿನ ಓದಿದಾಗ ಏನೋ ಒಂದು ಸಮಾಧಾನ.

ಎರಡೆರಡು ನಿಮಿಷದ ಎಂಟು ಸುತ್ತು. ಮೊದಲ ಸುತ್ತಿನಲ್ಲಿ ಒಂದಿಷ್ಟು ಹಳೇ ಟೈಸನ್ ಕಂಡ: ತಗ್ಗಿದ ತಲೆ, ಎರಡು ಹೆಜ್ಜೆಯ ನುಗ್ಗಾಟ. ಮೂರರ ಹೊತ್ತಿಗೆ ಕಾಲು ಹೋಯಿತು. ಆಮೇಲೆ ಮನುಷ್ಯ ನಿಂತಲ್ಲೇ ನಿಂತು ತನ್ನ ಗ್ಲೌಸನ್ನು ತಾನೇ ಕಚ್ಚಿಕೊಳ್ಳತೊಡಗಿದ, ಹಲ್ಲು ಬರುತ್ತಿರುವ ಕೂಸು ಕೈಗೆ ಸಿಕ್ಕಿದ್ದನ್ನು ಕಚ್ಚುವ ಹಾಗೆ. ಇಡೀ ಪಂದ್ಯದಲ್ಲಿ ಅವನು ಬೀಸಿದ್ದು 97 ಗುದ್ದು, ತಾಗಿದ್ದು 18. ಕೊನೆಯ ಸುತ್ತು ಮುಗಿಯುವ ಹೊತ್ತಿಗೆ ಪಾಲ್ ಹುಡುಗ ಎದುರಾಳಿಗೆ ತಲೆ ಬಾಗಿ ನಮಸ್ಕಾರವನ್ನೂ ಮಾಡಿದ. ನನಗೆ ಏಟಿಗಿಂತ ಆ ನಮಸ್ಕಾರವೇ ಹೆಚ್ಚು ನೋವು ಕೊಟ್ಟಿತು.

"ಇಷ್ಟೇನಾ ಮಾವ? ಹಾಸ್ಟೆಲ್ ಗೋಡೇಲಿ ಇವನ ಫೋಟೋನೇನಾ ನೀವು ಅಂಟಿಸ್ಕೊಂಡಿದ್ದು?"

ನನಗೆ ಸಿಟ್ಟು ಬಂತು. "ಅಜ್ಜ ಆಗೋ ವಯಸ್ಸಿನವನು ಕಣೋ ಅವನು. ಇಪ್ಪತ್ತರಲ್ಲಿ ಅವನನ್ನ ನೋಡಬೇಕಿತ್ತು ನೀನು!" ಅಂದೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಆ ಮಾತು ನನ್ನದಲ್ಲ. ಆ "ನೋಡಬೇಕಿತ್ತು" ನಮ್ಮ ಚಿಕ್ಕಪ್ಪನದು, ಸ್ವರವೂ ಅವರದೇ. ಯಾವತ್ತು ಅದು ನನ್ನ ಗಂಟಲೊಳಗೆ ಬಂದು ಕೂತಿತೋ ತಿಳಿಯದು.

ಪಾರ್ಲರಿನ ಕತ್ತಲೆ

ಚಿಕ್ಕಪ್ಪ ಮಿಲಿಟರಿಯಲ್ಲಿದ್ದು ಬಂದವರು. ಪಲ್ಟನ್ನಿನಲ್ಲಿ ಬಾಕ್ಸಿಂಗ್ ಆಡಿದ್ದಕ್ಕೆ ಸಾಕ್ಷಿ ಅವರ ಮೂಗು. ಅದು ಹಣೆಯಿಂದ ನೇರ ಹೊರಟು ನಡುವೆ ಮನಸ್ಸು ಬದಲಾಯಿಸಿ ಎಡಕ್ಕೆ ತಿರುಗಿತ್ತು. ಶಿವಮೊಗ್ಗದಲ್ಲಿ ಒಂದು ಬ್ಯಾಂಕಿಗೆ ಕಾವಲಿನ ಕೆಲಸಕ್ಕೆ ಸೇರಿದ್ದರು. ನಾನು ಕಾಲೇಜು ಹುಡುಗ. 1987ರ ಮಳೆಗಾಲದಲ್ಲಿರಬೇಕು, ಒಂದು ಭಾನುವಾರ ನನ್ನನ್ನು ವಿಡಿಯೋ ಪಾರ್ಲರಿಗೆ ಕರೆದುಕೊಂಡು ಹೋದರು. ಪಾರ್ಲರ್ ಎಂದರೆ ಒಂದು ಅಂಗಡಿಯ ಹಿಂದಿನ ಉದ್ದ ಕೋಣೆ, ಕಬ್ಬಿಣದ ಮಡಚು ಕುರ್ಚಿ, ಒದ್ದೆ ಛತ್ರಿಗಳ ವಾಸನೆ. ಹಿಂದಿ ಸಿನಿಮಾ ಮುಗಿದ ಮೇಲೆ ಉಳಿದವರಿಗಾಗಿ ಒಂದು ಕ್ಯಾಸೆಟ್ ಹಾಕುತ್ತಿದ್ದರು. ಆವತ್ತು ಹಾಕಿದ್ದು ಮಹಮ್ಮದ್ ಅಲಿ–ಜಾರ್ಜ್ ಫೋರ್‌ಮನ್.

1974ರ ಅಕ್ಟೋಬರ್ 30, ಆಫ್ರಿಕಾದ ಕಿನ್ಶಾಸಾ. ಆಗಿನ ಫೋರ್‌ಮನ್‌ಗೆ 25 ವರ್ಷ, ಆಡಿದ 40 ಪಂದ್ಯಗಳಲ್ಲಿ ಸೋಲೇ ಇಲ್ಲ, ಅದರಲ್ಲಿ 37 ನಾಕೌಟ್. ಅಲಿಗೆ 32. ಕ್ಯಾಸೆಟ್ ಎಷ್ಟು ಸವೆದಿತ್ತೆಂದರೆ ಪರದೆಯ ನಡುವೆ ಒಂದು ಬಿಳಿ ಗೆರೆ ಸದಾ ಓಡುತ್ತಿತ್ತು. ಅಲಿ ಹಗ್ಗಕ್ಕೆ ಬೆನ್ನು ಕೊಟ್ಟು ಒರಗಿದಾಗಲೆಲ್ಲ ಆ ಗೆರೆ ಅವನ ಮುಖದ ಮೇಲೇ ಹಾಯುತ್ತಿತ್ತು. ಏಟು ತಿನ್ನುತ್ತಲೇ ಇದ್ದಾನೆ, ತಿನ್ನುತ್ತಲೇ ಫೋರ್‌ಮನ್ ಕಿವಿಯಲ್ಲಿ ಏನೋ ಹೇಳುತ್ತಿದ್ದಾನೆ. ಎಂಟನೇ ಸುತ್ತಿನ ಕೊನೆಗೆ ಹಗ್ಗದಿಂದ ಹೊರಬಂದು ನಾಲ್ಕೈದು ಗುದ್ದು ಕೊಟ್ಟ, ಫೋರ್‌ಮನ್ ಅರ್ಧ ಸುತ್ತು ತಿರುಗಿ ಮರ ಬಿದ್ದ ಹಾಗೆ ಬಿದ್ದ. ಆಗ ಅಲಿಯ ಬಲಗೈ ಇನ್ನೊಂದು ಏಟಿಗೆ ಎತ್ತಿಕೊಂಡೇ ಇತ್ತು, ಆದರೆ ಹೊಡೆಯಲಿಲ್ಲ. ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ.

ಹೊರಗೆ ಬಂದು ಛತ್ರಿ ಬಿಚ್ಚುತ್ತಾ ಚಿಕ್ಕಪ್ಪ ಅಂದರು, "ಆಟ ಚೆನ್ನಾಗಿದೆ. ಆದ್ರೆ ನೀನು ಜೋ ಲೂಯಿಸ್‌ನ ನೋಡಬೇಕಿತ್ತು ಮಾರಾಯ."

"ನೀವು ನೋಡಿದ್ರಾ ಚಿಕ್ಕಪ್ಪ?"

ಸ್ವಲ್ಪ ದೂರ ಮಾತಿಲ್ಲ. ಆಮೇಲೆ, "ನಮ್ ಸುಬೇದಾರ್ ಹೇಳ್ತಿದ್ರು."

ಆ ಸುಬೇದಾರರಾದರೂ ನೋಡಿದ್ದು ಎಲ್ಲೋ ಕ್ಯಾಂಪಿನಲ್ಲಿ ಸಿನಿಮಾಕ್ಕೆ ಮೊದಲು ತೋರಿಸುತ್ತಿದ್ದ ನ್ಯೂಸ್ ರೀಲಿನ ಎರಡು ನಿಮಿಷ. ಅದು ಸಾಕಿತ್ತು ಬಿಡಿ. 1938ರಲ್ಲಿ ಹೆವಿವೇಟ್, ಅಂದರೆ ಅತಿ ಭಾರದ ವರ್ಗದ, ಚಾಂಪಿಯನ್ ಆಗಿದ್ದ ಲೂಯಿಸ್ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ನನ್ನು ಕೆಡವಲು ತೆಗೆದುಕೊಂಡಿದ್ದೇ 124 ಸೆಕೆಂಡು. ರೀಲು ಇಡೀ ಪಂದ್ಯಕ್ಕೇ ಸಾಕಾಗುತ್ತದೆ. ಆದರೆ ಅದಕ್ಕೆ ಎರಡು ವರ್ಷ ಮೊದಲು ಇದೇ ಶ್ಮೆಲಿಂಗ್ ಇದೇ ಲೂಯಿಸ್‌ನನ್ನು ಹನ್ನೆರಡನೇ ಸುತ್ತಿನಲ್ಲಿ ಮಲಗಿಸಿದ್ದನ್ನು ಚಿಕ್ಕಪ್ಪ ಯಾವತ್ತೂ ಹೇಳಲಿಲ್ಲ. 1951ರಲ್ಲಿ ವಯಸ್ಸಾದ ಲೂಯಿಸ್ ಸಾಲ ತೀರಿಸಲು ಮತ್ತೆ ರಿಂಗಿಗಿಳಿದು ಮಾರ್ಸಿಯಾನೋ ಕೈಯಲ್ಲಿ ಏಟು ತಿಂದು ಹಗ್ಗದ ಆಚೆ ಬಿದ್ದದ್ದನ್ನೂ ಹೇಳಲಿಲ್ಲ. ಪಾರ್ಲರಿನವನ ಬಳಿಯೂ ಅಷ್ಟೆ, ಕಿನ್ಶಾಸಾದ ಕ್ಯಾಸೆಟ್ ಇತ್ತು. 1980ರಲ್ಲಿ ಲ್ಯಾರಿ ಹೋಮ್ಸ್ ಎದುರು ಅಲಿ ಹತ್ತು ಸುತ್ತು ಸುಮ್ಮನೆ ಏಟು ತಿಂದದ್ದು ಇರಲಿಲ್ಲ. ಇದ್ದಿದ್ದರೂ ಯಾರು ದುಡ್ಡು ಕೊಟ್ಟು ನೋಡುತ್ತಿದ್ದರು?

ನನ್ನನ್ನು ಕೊರೆಯುತ್ತಿರುವುದು ಇದೇ. ಹಿಂದಿನವರು ನಮ್ಮ ಹತ್ತಿರ ಬರುವುದು ಅವರ ಒಳ್ಳೆಯ ರಾತ್ರಿಗಳನ್ನಷ್ಟೇ ಉಟ್ಟುಕೊಂಡು. ಉಳಿದದ್ದನ್ನು ಯಾರೋ ದಾರಿಯಲ್ಲೇ ಕಳಚಿ ಇಟ್ಟಿರುತ್ತಾರೆ. ಈಗಿನವರಿಗೆ ಆ ಪುಣ್ಯ ಇಲ್ಲ. ಅವರ ತೂಕದ ಯಂತ್ರ, ಜಿಮ್ಮಿನ ಬೆವರು, ಸೋತು ಅತ್ತದ್ದು ಎಲ್ಲವೂ ಹುಡುಗರ ಮೊಬೈಲಿನಲ್ಲಿ. ನನ್ನ ಸೋದರಳಿಯ ನೋಡಿದ ಮೊದಲ ಟೈಸನ್ 58ರ ಟೈಸನ್. ನಾನು ಕಂಡದ್ದು 1986ರ ನವೆಂಬರ್‌ನಲ್ಲಿ, 20 ವರ್ಷ 4 ತಿಂಗಳಿಗೆ, ಟ್ರೆವರ್ ಬರ್ಬಿಕ್‌ನನ್ನು ಎರಡನೇ ಸುತ್ತಿನಲ್ಲಿ ಕೆಡವಿ ಅತಿ ಕಿರಿಯ ಹೆವಿವೇಟ್ ಚಾಂಪಿಯನ್ ಆದವನನ್ನು. ಬರ್ಬಿಕ್ ಎದ್ದು ನಿಲ್ಲಲು ಹೋಗಿ ಮತ್ತೆ ಮತ್ತೆ ಮುಗ್ಗರಿಸುತ್ತಿದ್ದ, ಬೆಳಗಿನ ಇಬ್ಬನಿಯಲ್ಲಿ ಗದ್ದೆ ಬದುವಿನ ಮೇಲೆ ಜಾರುವವನ ಹಾಗೆ. ಮಾವ–ಅಳಿಯ ಒಂದೇ ಹೆಸರು ಹಿಡಿದು ಇಬ್ಬರು ಬೇರೆ ಬೇರೆ ಮನುಷ್ಯರ ಬಗ್ಗೆ ಜಗಳ ಆಡುತ್ತಿದ್ದೆವು.

ಕಂಪ್ಯೂಟರ್ ಮಾಡಿದ ನ್ಯಾಯ

ಈ ಜಗಳ ತೀರಿಸಲು ಅಮೆರಿಕದವರು ಒಮ್ಮೆ ಯಂತ್ರವನ್ನೇ ಕೂರಿಸಿದ್ದರು. 1967ರಲ್ಲಿ ಮರ್ರಿ ವೊರೋನರ್ ಎಂಬ ಮಯಾಮಿಯ ರೇಡಿಯೋ ನಿರ್ಮಾಪಕ ಹಿಂದಿನ ಮುಂದಿನ ಹದಿನಾರು ಹೆವಿವೇಟ್‌ಗಳ ಲೆಕ್ಕವನ್ನು ಎನ್‌ಸಿಆರ್ 315 ಕಂಪ್ಯೂಟರಿಗೆ ಉಣಿಸಿ, ಅದು ಕೊಟ್ಟ ಫಲಿತಾಂಶವನ್ನು ನಿಜವಾದ ಪಂದ್ಯದ ಹಾಗೆ ವೀಕ್ಷಕ ವಿವರಣೆ ಸೇರಿಸಿ ಬಿತ್ತರಿಸಿದ. ಅದರಲ್ಲಿ ಅಲಿ ಸೋತದ್ದು ಜಿಮ್ ಜೆಫ್ರೀಸ್ ಎಂಬ ಹಳೇ ಕಾಲದ ಬಿಳಿಯನ ಕೈಯಲ್ಲಿ. ಅಲಿಗೆ ಉರಿದುಹೋಗಿ ಹತ್ತು ಲಕ್ಷ ಡಾಲರಿಗೆ ಕೇಸು ಹಾಕಿದ. ರಾಜಿಯಾದದ್ದು ಇನ್ನೂ ದೊಡ್ಡ ತಮಾಷೆ: ಸೋಲೇ ಕಾಣದೆ 49ಕ್ಕೆ 49 ಗೆದ್ದು 1956ರಲ್ಲಿ ನಿವೃತ್ತನಾಗಿದ್ದ ರಾಕಿ ಮಾರ್ಸಿಯಾನೋ ಜೊತೆ ಅಲಿ ಕ್ಯಾಮೆರಾ ಮುಂದೆ ಆಡುವುದು, ಕೊನೆ ಏನೆಂದು ಕಂಪ್ಯೂಟರ್ ಹೇಳುವುದು.

1969ರಲ್ಲಿ ಚಿತ್ರೀಕರಣ. ಮಾರ್ಸಿಯಾನೋಗೆ 45, ಇಪ್ಪತ್ತು ಕೇಜಿಗೂ ಹೆಚ್ಚು ಇಳಿಸಿ, ಬೋಳು ತಲೆಗೆ ಟೋಪನ್ ಇಟ್ಟುಕೊಂಡು ಬಂದ. ಅಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಎಂದದ್ದಕ್ಕೆ ಪಟ್ಟ, ಪರವಾನಗಿ ಎರಡೂ ಕಳೆದುಕೊಂಡು ಬರಿಗೈಯಲ್ಲಿ ಇದ್ದವನು. ಇಬ್ಬರೂ ಬಿದ್ದಂತೆ, ಇಬ್ಬರೂ ಗೆದ್ದಂತೆ ಹಲವು ಕೊನೆಗಳನ್ನು ತೆಗೆದಿಟ್ಟುಕೊಂಡರು. 1970ರ ಜನವರಿಯಲ್ಲಿ ಅಮೆರಿಕದ ಥಿಯೇಟರುಗಳಲ್ಲಿ ತೋರಿಸಿದಾಗ ಹದಿಮೂರನೇ ಸುತ್ತಿನಲ್ಲಿ ಮಾರ್ಸಿಯಾನೋ ಗೆದ್ದ. ಯುರೋಪಿನವರಿಗೆ ಅಲಿ ಗೆಲ್ಲುವ ಕೊನೆ ಹೋಯಿತು. ಯಕ್ಷಗಾನದವರೂ ಊರು ನೋಡಿ ಪ್ರಸಂಗ ಆರಿಸುತ್ತಾರೆ, ಆದರೆ ಕರ್ಣನನ್ನು ಗೆಲ್ಲಿಸುವ ಧೈರ್ಯ ಯಾವ ಮೇಳಕ್ಕೂ ಬಂದಿಲ್ಲ. ಗೆದ್ದದ್ದನ್ನು ನೋಡಲು ಮಾರ್ಸಿಯಾನೋನೇ ಇರಲಿಲ್ಲ. ಚಿತ್ರೀಕರಣ ಮುಗಿದ ಸ್ವಲ್ಪ ದಿನಕ್ಕೆ, 46 ತುಂಬುವ ಹಿಂದಿನ ದಿನ, ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ.

ಕಿವಿ ನೋಡಿ

ಶಿವಮೊಗ್ಗದವರಿಗೆ ಕೋಟೆ ಮಾರಿಕಾಂಬೆ ಜಾತ್ರೆಯ ಕುಸ್ತಿ ಬಗ್ಗೆ ನಾನು ಹೇಳಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಜಾತ್ರೆ. ಚಿಕ್ಕಪ್ಪನಿಗೆ ತಾಯಿಯ ದರ್ಶನಕ್ಕಿಂತ ಅಖಾಡದ ಬದಿಯ ಜಾಗ ಮುಖ್ಯ. ಅಲ್ಲಿ ನನಗೆ ಅತಿ ಹೆಚ್ಚು ಹಿಡಿಸುತ್ತಿದ್ದದ್ದು ಕುಸ್ತಿಯಲ್ಲ, ಅದಕ್ಕೆ ಮೊದಲಿನ ಜೋಡಿ ಕಟ್ಟುವ ಕೆಲಸ. ಉಸ್ತಾದರು ಇಬ್ಬರು ಪೈಲ್ವಾನರ ಕೈಹಿಡಿದು ಕೆಮ್ಮಣ್ಣಿನ ನಡುವೆ ತಂದು, ಭುಜಕ್ಕೆ ಭುಜ ತಾಗಿಸಿ ನಿಲ್ಲಿಸುವರು. ಕತ್ತು ಒತ್ತಿ ನೋಡುವರು. ಜನ ಒಪ್ಪಿದರೆ ಶಿಳ್ಳೆ, ಒಪ್ಪದಿದ್ದರೆ "ಜೋಡಿ ಸಮ ಇಲ್ಲ!" ಎಂಬ ಕೂಗು.

ಒಂದು ಸಲ ಭದ್ರಾವತಿ ಕಡೆಯ ಆಳೆತ್ತರದ ಹುಡುಗನ ಪಕ್ಕ ಶಿಕಾರಿಪುರದ ಒಬ್ಬ ಗಿಡ್ಡ ಮನುಷ್ಯನನ್ನು ತಂದು ನಿಲ್ಲಿಸಿದರು. ಇವನ ತಲೆ ಅವನ ಎದೆಗೆ. ಸುತ್ತಲೂ ಕೂಗು ಎದ್ದಿತು. ಮುದುಕ ಉಸ್ತಾದರು ಏನೂ ಮಾತಾಡದೆ ಗಿಡ್ಡನ ಗದ್ದ ಹಿಡಿದು ತಲೆಯನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗಿಸಿ ಜನರಿಗೆ ಅವನ ಕಿವಿ ತೋರಿಸಿದರು. ಎರಡೂ ಕಿವಿ ಮುದುಡಿ, ಊದಿ, ಒಣಗಿದ ಅಣಬೆಯ ಹಾಗೆ ಆಗಿದ್ದವು. ವರ್ಷಗಟ್ಟಲೆ ಎದುರಾಳಿಯ ತೋಳಿಗೆ ತೀಡಿದರೆ ಮಾತ್ರ ಆಗುವಂಥವು. "ಮೈ ನೋಡ್ಬೇಡ್ರೋ, ಕಿವಿ ನೋಡಿ" ಅಂದರು. ಕೂಗು ನಿಂತಿತು. ಹುಡುಗನ ಕಿವಿ ತೊಟ್ಟಿಲ ಮಗುವಿನದರ ಹಾಗೆ ನುಣ್ಣಗಿತ್ತು. ಆ ಕುಸ್ತಿ ಸಮದಲ್ಲಿ ಮುಗಿಯಿತು, ಗಿಡ್ಡ ಒಮ್ಮೆಯೂ ಬೆನ್ನಿಗೆ ಮಣ್ಣು ತಾಗಿಸಿಕೊಳ್ಳಲಿಲ್ಲ. ಚಿಕ್ಕಪ್ಪ ದಾರಿಯುದ್ದಕ್ಕೂ ತಮ್ಮ ಕಿವಿ ಮುಟ್ಟಿ ಮುಟ್ಟಿ ನಗುತ್ತಿದ್ದರು.

ಕಾಲದಾಚೆಯ ಜೋಡಿ ಕಟ್ಟುವಾಗ ನಾವು ಮೈ ನೋಡುತ್ತೇವೆ, ಕಿವಿ ನೋಡುವುದಿಲ್ಲ. ಮೈಯ ಮಟ್ಟಿಗೆ ಈಗಿನ ಹೆವಿವೇಟ್‌ಗಳ ಎದುರು ಹಳಬರಿಗೆ ಉಳಿಗಾಲ ಇಲ್ಲ, ಅದನ್ನು ಒಪ್ಪಿಕೊಂಡು ಮುಂದೆ ಹೋಗೋಣ. ಮಾರ್ಸಿಯಾನೋ ತೂಗುತ್ತಿದ್ದದ್ದು 84 ಕೇಜಿ ಆಸುಪಾಸು, ಎತ್ತರ 178 ಸೆಂಟಿಮೀಟರ್. ಈಗ ಹೆವಿವೇಟ್ ಎನಿಸಿಕೊಳ್ಳಲು 200 ಪೌಂಡ್, ಅಂದರೆ ಹತ್ತಿರ ಹತ್ತಿರ 91 ಕೇಜಿ ದಾಟಬೇಕು. ಅವನನ್ನು ಅದರ ಕೆಳಗಿನ ಕ್ರೂಸರ್‌ವೇಟಿಗೆ ಕಳಿಸುತ್ತಾರೆ. ಇಂಗ್ಲೆಂಡಿನ 206 ಸೆಂಟಿಮೀಟರಿನ ಟೈಸನ್ ಫ್ಯೂರಿ ಎದುರು ಅವನನ್ನು ನಿಲ್ಲಿಸಿದರೆ ಉಸ್ತಾದರೂ ಕಿವಿ ತೋರಿಸಲಾರರು. ಆದರೆ ಅದೇ ಫ್ಯೂರಿಯನ್ನು 2024ರಲ್ಲಿ ಎರಡು ಸಲ, ಮೇ ತಿಂಗಳಲ್ಲೊಮ್ಮೆ ಡಿಸೆಂಬರಿನಲ್ಲೊಮ್ಮೆ, ರಿಯಾದ್‌ನಲ್ಲಿ ಸೋಲಿಸಿದ ಉಕ್ರೇನಿನ ಒಲೆಕ್ಸಾಂದರ್ ಉಸಿಕ್ ಎತ್ತರ ಎಷ್ಟು? 191. ಸರಿಯಾಗಿ ಅಲಿಯ ಎತ್ತರ. ಬಂದದ್ದೂ ಕ್ರೂಸರ್‌ವೇಟಿನಿಂದಲೇ. ಡಿಸೆಂಬರಿನಲ್ಲಿ ಫ್ಯೂರಿ ಅವನಿಗಿಂತ ಸುಮಾರು 25 ಕೇಜಿ ಹೆಚ್ಚಿದ್ದ. ಹಾಗಾಗಿ ಅಲಿ ಈಗಿನ ದೈತ್ಯರ ಎದುರು ನಿಲ್ಲುತ್ತಿರಲಿಲ್ಲ ಎಂಬ ವಾದ ನನ್ನ ಮುಂದೆ ಇನ್ನು ನಡೆಯದು. ಉಸಿಕ್ ವೃತ್ತಿಪರನಾಗಿ ಆಡಿದ್ದು ಕಡಿಮೆಯೇ, ಆದರೆ 2012ರ ಲಂಡನ್ ಚಿನ್ನದವರೆಗೆ ಹವ್ಯಾಸಿಯಾಗಿ ನೂರಾರು ಪಂದ್ಯ ಆಡಿ ಬಂದವನು. ಅವನದು ಮುದುಡಿದ ಕಿವಿ.

ಜೋಡಿ ನಿಜಕ್ಕೂ ಸಮ ಆಗುವುದು ಕೆಳಗಿನ ತೂಕಗಳಲ್ಲಿ. ವೆಲ್ಟರ್‌ವೇಟ್ ಎಂದರೆ 1946ರಲ್ಲೂ 147 ಪೌಂಡ್, ಇವತ್ತೂ 147. ಅಲ್ಲಿ ಆ ಕಾಲದ ಚಾಂಪಿಯನ್ ಶುಗರ್ ರೇ ರಾಬಿನ್ಸನ್‌ನನ್ನು ಈಗಿನ ಯಾರ ಎದುರು ಬೇಕಾದರೂ ನಿಲ್ಲಿಸಬಹುದು. ಅದರಲ್ಲೂ ಒಂದು ತಿರುಚು ಇದೆ: ಆಗ ಪಂದ್ಯದ ದಿನವೇ ತೂಗುತ್ತಿದ್ದರು, ಈಗ ಹಿಂದಿನ ದಿನ. ನೀರು ಬಿಟ್ಟು, ಬೆವರು ಸುರಿಸಿ ತೂಕದ ಕಟ್ಟೆ ದಾಟಿ, ರಾತ್ರಿಯೆಲ್ಲ ತಿಂದು ಕುಡಿದು ಮರುದಿನ ಬೇರೆಯೇ ಗಾತ್ರದಲ್ಲಿ ಬರುತ್ತಾರೆ. ಹಸಿ ಅಡಿಕೆ ತೂಕಕ್ಕೂ ಒಣ ಅಡಿಕೆ ತೂಕಕ್ಕೂ ಇರುವ ವ್ಯತ್ಯಾಸ ಗೊತ್ತಿರುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಷ್ಟಾದರೂ ನನ್ನ ದುಡ್ಡು ರಾಬಿನ್ಸನ್ ಮೇಲೆ. ಅವನು ಆಡಿದ್ದು ಹತ್ತಿರ ಹತ್ತಿರ 200 ಪಂದ್ಯ. ಫೆದರ್‌ವೇಟಿನ ವಿಲ್ಲಿ ಪೆಪ್ 241 ಆಡಿ 229 ಗೆದ್ದ. ನಮ್ಮ ಕಾಲದ ಅತಿ ಜಾಣ ಫ್ಲಾಯ್ಡ್ ಮೇವೆದರ್ 2017ರಲ್ಲಿ ನಿವೃತ್ತನಾಗುವ ಹೊತ್ತಿಗೆ ಆಡಿದ್ದು 50. ಸುಸ್ತಾದಾಗ ಏನು ಮಾಡಬೇಕು, ಮೂಗಿನಲ್ಲಿ ರಕ್ತ ಇಳಿಯುವಾಗ ಹೇಗೆ ಉಸಿರಾಡಬೇಕು, ಬಲಗೈ ಊದಿಕೊಂಡರೆ ಎಡಗೈಯಲ್ಲೇ ಆರು ಸುತ್ತು ಹೇಗೆ ಕಳೆಯಬೇಕು, ಇದನ್ನೆಲ್ಲ ಯಾವ ಜಿಮ್ಮೂ ಕಲಿಸುವುದಿಲ್ಲ. ತಿಂಗಳಿಗೆರಡು ಸಲ ಆಡಿದವನ ಮೈ ಕಲಿತಿರುತ್ತದೆ.

ಆ ಕಿವಿಗೆ ಕೊಟ್ಟ ಬೆಲೆ

ಇಲ್ಲಿಗೆ ನಿಲ್ಲಿಸಿದ್ದರೆ ನಾನೂ ಇನ್ನೊಬ್ಬ ಚಿಕ್ಕಪ್ಪ ಆಗಿಬಿಡುತ್ತಿದ್ದೆ. ಆದರೆ 1996ರ ಜುಲೈ 20ರ ಬೆಳಿಗ್ಗೆ ಅವರ ಜೊತೆಯೇ ಟಿವಿ ಮುಂದೆ ಕೂತಿದ್ದೆ. ಅಟ್ಲಾಂಟಾ ಒಲಿಂಪಿಕ್ಸಿನ ಉದ್ಘಾಟನೆ. ಜ್ಯೋತಿ ಹಚ್ಚಲು ಯಾರು ಬರುತ್ತಾರೆಂದು ಗುಟ್ಟಾಗಿ ಇಟ್ಟಿದ್ದರು. ಕತ್ತಲೆಯಿಂದ ಬಿಳಿ ಬಟ್ಟೆಯ ಅಲಿ ಬಂದ. ಬಲಗೈಯಲ್ಲಿ ಪಂಜು. ಎಡಗೈ ಗಡಗಡ ನಡುಗುತ್ತಿತ್ತು, ಹಿಡಿದು ನಿಲ್ಲಿಸಲು ಅವನಿಂದ ಆಗುತ್ತಿರಲಿಲ್ಲ. 1984ರಲ್ಲೇ ಪಾರ್ಕಿನ್ಸನ್ ಎಂದು ಗೊತ್ತಾಗಿತ್ತು, ಓದಿದ್ದೆವು ಕೂಡ, ಆದರೆ ಓದುವುದೇ ಬೇರೆ. ಚಿಕ್ಕಪ್ಪ ಎದ್ದು ಹಿತ್ತಿಲಿಗೆ ಹೋದರು. ನಾನು ಹೋಗಿ ನೋಡಿದರೆ ಮಳೆಯಲ್ಲಿ ನಿಂತು, ಅಗತ್ಯವೇ ಇಲ್ಲದ ಬಕೆಟ್ಟೊಂದನ್ನು ಹಂಡೆಗೆ ಸುರಿಯುತ್ತಿದ್ದರು.

ಆಮೇಲೆ ಅವರು ಜೋ ಲೂಯಿಸ್ ಮಾತು ಎತ್ತುವುದು ಕಡಿಮೆಯಾಯಿತು. ಎತ್ತಿದರೆ ಹವಾ ಸಿಂಗ್ ಬಗ್ಗೆ. ಅವರೂ ಮಿಲಿಟರಿಯವರು, 1966 ಮತ್ತು 1970ರಲ್ಲಿ ಏಷ್ಯನ್ ಗೇಮ್ಸ್ ಹೆವಿವೇಟ್ ಚಿನ್ನ ಗೆದ್ದವರು. ಆ ಹೆಮ್ಮೆಗೆ ನಾನು ಅಡ್ಡಿ ಬರಲಿಲ್ಲ. ಆದರೆ ಒಲಿಂಪಿಕ್ಸಿನ ಲೆಕ್ಕ ತೆಗೆದರೆ ಹಳೇ ಕಾಲದ ಕೈ ಖಾಲಿ: ಬಾಕ್ಸಿಂಗ್‌ನಲ್ಲಿ ಭಾರತದ ಮೊದಲ ಪದಕ 2008ರ ವಿಜೇಂದರ್‌ದು, ಆಮೇಲೆ 2012ರಲ್ಲಿ ಮೇರಿ ಕೋಮ್, ಟೋಕಿಯೋದಲ್ಲಿ ಲವ್ಲಿನಾ. ಮೂರರಲ್ಲಿ ಎರಡು ಹೆಣ್ಣುಮಕ್ಕಳದು. 2012ಕ್ಕೆ ಮೊದಲು ಒಲಿಂಪಿಕ್ಸಿನಲ್ಲಿ ಹೆಂಗಸರ ಬಾಕ್ಸಿಂಗೇ ಇರಲಿಲ್ಲ. ಇವರಿಗೆ ಯಾವ ಹಳಬರನ್ನು ತಂದು ಜೋಡಿ ಕಟ್ಟುವುದು?

ಪಟ್ಟದ ಪಂದ್ಯದ ಹದಿನೈದು ಸುತ್ತು ಹನ್ನೆರಡಾದದ್ದಕ್ಕೂ ಹಳಬರು ಮೂಗು ಮುರಿಯುತ್ತಾರೆ. ಚಾಂಪಿಯನ್ ಯಾರೆಂದು ತಿಳಿಯುವುದೇ ಆ ಕೊನೆಯ ಮೂರು ಸುತ್ತಿನಲ್ಲಿ ಎನ್ನುತ್ತಾರೆ. ನಾನೂ ಹೇಳಿದ್ದೇನೆ. 1982ರ ನವೆಂಬರ್ 13ರಂದು ದಕ್ಷಿಣ ಕೊರಿಯಾದ ಕಿಮ್ ದುಕ್ ಕೂ, ರೇ ಮ್ಯಾನ್ಸಿನಿಯ ಎದುರು ಬಿದ್ದದ್ದು ಹದಿನಾಲ್ಕನೇ ಸುತ್ತಿನಲ್ಲಿ. ಕೆಲವೇ ದಿನಕ್ಕೆ ತೀರಿಕೊಂಡ. ಮುಂದಿನ ವರ್ಷವೇ ಪಟ್ಟ ಕೊಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿ ಹನ್ನೆರಡಕ್ಕೆ ಇಳಿಸಿತು, ಉಳಿದವರು ನಿಧಾನಕ್ಕೆ ಹಿಂದೆ ಬಂದರು. ಈಗಿನವರು ವರ್ಷಕ್ಕೆ ಎರಡೇ ಪಂದ್ಯ ಆಡುತ್ತಾರೆ ಎಂದು ಹೀಯಾಳಿಸಲು ಬಾಯಿ ತೆರೆದಾಗೆಲ್ಲ ನನಗೆ ಆ ಬಕೆಟ್ಟಿನ ಸದ್ದು ಕೇಳುತ್ತದೆ. ಹಾಗಂತ ರಾಬಿನ್ಸನ್ ಮೇಲಿಟ್ಟ ದುಡ್ಡನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಎರಡೂ ನನ್ನೊಳಗೆ ಇವೆ, ಒಂದಕ್ಕೊಂದು ಮಾತಾಡುವುದಿಲ್ಲ.

ದೋಟಿ

ಅಕ್ಕನ ಮನೆಗೆ ಮತ್ತೆ ಬರೋಣ. ಪಂದ್ಯ ಮುಗಿಯುವ ಹೊತ್ತಿಗೆ ತೋಟದಿಂದ ಭಾವ, ಅವರ ಹಿಂದೆ ಕೊನೆಗೌಡ ಬಂದರು. ಅರವತ್ತರ ಆಸುಪಾಸಿನ ಆಳು. ಮೊದಲೆಲ್ಲ ಕಾಲಿಗೆ ತಳೆ ಹಾಕಿ ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡೇ ದಾಟುತ್ತಿದ್ದವರು. ಅವರ ಎದೆ, ಮೊಣಕಾಲಿನ ಒಳಮೈ ಮರಕ್ಕೆ ತೀಡಿ ತೀಡಿ ಚಪ್ಪಲಿ ಅಟ್ಟೆಯಷ್ಟು ಗಟ್ಟಿ. ಒಮ್ಮೆ ಮಳೆಗಾಲದಲ್ಲಿ ಮದ್ದು ಹೊಡೆಯುವಾಗ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಹತ್ತುವುದನ್ನು ಬಿಟ್ಟರು. ಈಗ ಕಾರ್ಬನ್ ಫೈಬರಿನ ದೋಟಿ. ಅರವತ್ತು ಅಡಿ ಮೇಲಿನ ಕೊನೆಯನ್ನು ನೆಲದಲ್ಲಿ ನಿಂತು ಕತ್ತು ಎತ್ತಿ ಕೊಯ್ಯುತ್ತಾರೆ, ಕೆಳಗೆ ಇಬ್ಬರು ನೆಟ್ ಹಿಡಿದಿರುತ್ತಾರೆ. ಭಾವ ಆಗಾಗ "ಇವರು ಹತ್ತೋದನ್ನ ನೀನು ನೋಡಬೇಕಿತ್ತು" ಅನ್ನುವುದುಂಟು. ಕೊನೆಗೌಡರು ಒಮ್ಮೆಯೂ ಹಾಗೆ ಅಂದದ್ದನ್ನು ನಾನು ಕೇಳಿಲ್ಲ.

ಅವರು ಅಂಗಳದ ತುದಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಾ ಮೊಬೈಲಿನತ್ತ ಬಗ್ಗಿದರು. ಕೊನೆಯ ಸುತ್ತನ್ನು ಮತ್ತೆ ತೋರಿಸುತ್ತಿದ್ದರು. ಟೈಸನ್ ಮತ್ತೆ ಗ್ಲೌಸ್ ಕಚ್ಚಿದ.

"ಆ ಗಡ್ಡದ ಮುದುಕಂಗೆ ಎಷ್ಟು ವರ್ಷ ತಮಾ?"

"ಐವತ್ತೆಂಟು."

"ದುಡ್ಡು ಎಷ್ಟು ಕೊಟ್ರಂತೆ?"

"ನೂರು ಕೋಟಿ ಮೇಲಂತೆ" ಅಂದ ನನ್ನ ಸೋದರಳಿಯ.

ಕೊನೆಗೌಡರು ಲೋಟವನ್ನು ಮೊಣಕಾಲ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿದರು. "ಎಂಟು ಸಲ ಗಂಟೆ ಹೊಡೆದ್ರೂ ಬೀಳ್ಲಿಲ್ಲ ಅಲ್ದಾ?"

"ಬೀಳ್ಲಿಲ್ಲ."

"ಮತ್ತೆಂತಕ್ಕೆ ಬೈತೀರಿ ಮಾರಾಯ್ರೆ ಅವಂಗೆ" ಎಂದು ಉಳಿದ ಮಜ್ಜಿಗೆ ಕುಡಿದು, ಸೊಂಟಕ್ಕೆ ಕೈಕೊಟ್ಟು ಎದ್ದರು. ನೆಟ್ ಹಿಡಿಯಲು ಒಂದಾಳು ಕಡಿಮೆ ಇತ್ತು. ನನ್ನತ್ತ ನೋಡಿದರು. ನಾನು ಕಾಫಿ ಲೋಟ ಕೆಳಗಿಟ್ಟು ಅವರ ಹಿಂದೆ ತೋಟಕ್ಕೆ ಇಳಿದೆ.